ಮುತ್ತತ್ತಿಯಿಂದ ಕೋಣನಕುಂಟೆಗೆ

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಸೀಮೆಗೆ ಆಗಸ್ಟ್ ತಿಂಗಳೆಂದರೆ ಹೊಗೆಸೊಪ್ಪಿನ ಕಾಲ. ಮುಂಗಾರಿನ ಮೊದಲ ಮಳೆಗೆ ನೆಟ್ಟ ಗಿಡ ಎದೆಯುದ್ದ ಬೆಳೆದು, ಬುಡದೆಲೆಗಳು ಹಳದಿಗೆ ತಿರುಗುತ್ತಿದ್ದಂತೆಯೇ ಬ್ಯಾರನ್ನುಗಳ ಒಲೆ ಹೊತ್ತಿಕೊಳ್ಳುತ್ತದೆ. ಒಂದು ಕಡೆ ಬೆಟ್ಟದಪುರದ ಬೆಟ್ಟ ಮೋಡವನ್ನು ಹೊದ್ದು ನಿಂತಿರುತ್ತದೆ. ಉತ್ತರದಲ್ಲಿ, ತಾಲ್ಲೂಕಿನ ಎಲ್ಲೆಗುಂಟ, ಕೊಡಗಿನ ಮಳೆಯನ್ನೆಲ್ಲ ಹೊತ್ತುಕೊಂಡು ಕಾವೇರಿ ಕೆಂಪಾಗಿ ಹರಿಯುತ್ತಾಳೆ. ಆ ನೀರು ಚುಂಚನಕಟ್ಟೆಯಲ್ಲಿ ಧುಮುಕಿ, ಕನ್ನಂಬಾಡಿಯಲ್ಲಿ ತಂಗಿ, ಶ್ರೀರಂಗಪಟ್ಟಣವನ್ನು ಬಳಸಿ, ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡು, ತಲಕಾಡಿನ ಮರಳನ್ನೂ ಶಿವನಸಮುದ್ರದ ಬಂಡೆಗಳನ್ನೂ ದಾಟಿ, ಕಡೆಗೆ ಮುತ್ತತ್ತಿಯ ಕಾಡನ್ನು ಹೊಗುತ್ತದೆ.

ರಾವಂದೂರಿನಿಂದ ಹೊರಟ ಪ್ರಯಾಣಿಕನು ನದಿಯ ಈ ದಾರಿಯನ್ನೇ ಹಿಡಿದು ಬೆಂಗಳೂರು ಸೇರಬಹುದು. ಹುಣಸೂರು, ಮೈಸೂರು, ಬನ್ನೂರು, ಮಳವಳ್ಳಿ, ಹಲಗೂರುಗಳ ಮೇಲೆ ಮುತ್ತತ್ತಿಗೆ ಬಂದು, ಅಲ್ಲಿಂದ ಸಾತನೂರು, ಕನಕಪುರ, ಹಾರೋಹಳ್ಳಿ, ಕಗ್ಗಲೀಪುರಗಳನ್ನು ಹಾದು ಕೋಣನಕುಂಟೆಯ ಬಳಿ ಮಹಾನಗರವನ್ನು ಪ್ರವೇಶಿಸುವ ಹಾದಿಯದು. ಸುತ್ತು ದಾರಿಯೆಂಬುದು ನಿಜ. ಆದರೆ ನೋಡುವ ಕಣ್ಣಿದ್ದವರಿಗೆ ಕಾಡು, ಹೊಳೆ, ಬಂಡೆ, ದೇವಸ್ಥಾನ ಎಲ್ಲವೂ ಈ ಹಾದಿಯಲ್ಲುಂಟು. ಇವುಗಳ ಜೊತೆಗೆ ಇತ್ತೀಚಿನ ಇತಿಹಾಸದ ಒಂದು ಗುರುತೂ ಉಂಟು. ೧೯೯೧ರ ಆಗಸ್ಟ್ ತಿಂಗಳಿನಲ್ಲಿ, ದೇಶದ ಮಾಜಿ ಪ್ರಧಾನಿಯನ್ನು ಕೊಂದವರ ಬೇಟೆ ಮುಗಿದದ್ದು ಈ ಹಾದಿಯ ಎರಡು ಕೊನೆಗಳಲ್ಲಿ. ಬೇಟೆ ಮುಗಿಯಿತಾದರೂ ಒಂದು ಪ್ರಶ್ನೆ ಮಾತ್ರ ಮುಗಿಯಲಿಲ್ಲ. ಕೊಲೆಗಾರನೆಂದು ಗಲ್ಲಿನ ಶಿಕ್ಷೆ ಪಡೆದ ಒಬ್ಬ ತರುಣನಿಗೆ ತಾನು ಮಾಡುತ್ತಿದ್ದುದೇನೆಂಬುದು ಗೊತ್ತಿತ್ತೇ ಇಲ್ಲವೇ ಎಂಬುದೇ ಆ ಪ್ರಶ್ನೆ.

ಮುತ್ತತ್ತಿಯನ್ನು ಅರಿಯದ ಕನ್ನಡಿಗರು ವಿರಳ. ಸೀತಾದೇವಿಯ ಮುತ್ತಿನ ಆಭರಣವು ಹೊಳೆಗೆ ಬೀಳಲು ಆಂಜನೇಯನು ಬಾಲದಿಂದ ನೀರನ್ನು ಕಡೆದು ಅದನ್ನು ಎತ್ತಿಕೊಟ್ಟನೆಂದೂ, ಅದರಿಂದಲೇ ಊರಿಗೆ ಈ ಹೆಸರೆಂದೂ ಸ್ಥಳಪುರಾಣ ಹೇಳುತ್ತದೆ. ದಡದ ಮೇಲಿನ ಮುತ್ತತ್ತಿರಾಯನ ಗುಡಿಗೆ ಶನಿವಾರಗಳಂದು ಜನ ಕಿಕ್ಕಿರಿಯುತ್ತಾರೆ. ವರನಟ ರಾಜಕುಮಾರರಿಗೆ ತಂದೆತಾಯಿಗಳು ಮುತ್ತುರಾಜನೆಂದು ಹೆಸರಿಟ್ಟದ್ದು ಈ ದೇವರ ಹರಕೆಯಿಂದಲೇ. ಗುಡಿಯ ಮುಂದೆ ಹೊಳೆ ಅಗಲವಾಗಿ, ನೋಟಕ್ಕೆ ಸೌಮ್ಯವಾಗಿ ಕಾಣುತ್ತದೆ. ಆದರೆ ಒಳಗೆ ಸುಳಿಗಳಿರುವುದರಿಂದ ಈಜಲಿಳಿದು ಪ್ರಾಣ ಕಳೆದುಕೊಂಡವರು ಅನೇಕರು. ಇಬ್ಬದಿಯ ಗುಡ್ಡಗಳು ಕಾವೇರಿ ವನ್ಯಧಾಮಕ್ಕೆ ಸೇರಿವೆ. ಆನೆ ಇಳಿದು ನೀರು ಕುಡಿಯುವ, ಮಹಶೀರ್ ಮೀನು ಹೊರಳುವ, ದಡದ ಮತ್ತಿಮರಗಳ ನೆರಳು ನೀರಿಗೆ ಚಾಚುವ ಏಕಾಂತ ಸ್ಥಳ.

ಏಕಾಂತವನ್ನು ಅರಸಿ ಬರುವವರೆಲ್ಲ ಭಕ್ತರೂ ವಿಹಾರಿಗಳೂ ಆಗಿರುವುದಿಲ್ಲ. ೧೯೯೧ರಲ್ಲಿ ಈ ಸೀಮೆಯ ಬಾಡಿಗೆ ಮನೆಗಳಲ್ಲಿ ಕೆಲವು ತರುಣರು ತಂಗಿದ್ದರು. ಸಿಂಹಳ ದ್ವೀಪದ ಯುದ್ಧದಲ್ಲಿ ಗಾಯಗೊಂಡು, ಚಿಕಿತ್ಸೆಗೂ ವಿಶ್ರಾಂತಿಗೂ ಕರ್ನಾಟಕಕ್ಕೆ ಬಂದಿದ್ದ ಎಲ್.ಟಿ.ಟಿ.ಇ. ಸಂಘಟನೆಯ ಹುಡುಗರು ಅವರು. ಆಗಸ್ಟ್ ತಿಂಗಳ ನಡುವಿನಲ್ಲಿ ಪೊಲೀಸರು ಮುತ್ತತ್ತಿಯನ್ನೂ ಹತ್ತಿರದ ಇನ್ನೊಂದು ಹಳ್ಳಿಯನ್ನೂ ಸುತ್ತುವರಿದರು. ಕೊರಳಿನ ದಾರಕ್ಕೆ ಕಟ್ಟಿಕೊಂಡಿದ್ದ ಗಾಜಿನ ಕೊಳವೆಯನ್ನು ಕಚ್ಚಿ, ಅದರೊಳಗಿನ ಸೈನೈಡನ್ನು ನುಂಗಿ ಹಲವರು ಸತ್ತರು. ಹೊಳೆಯ ದಡದ ಹಳ್ಳಿಯ ಜನ ಅದುವರೆಗೆ ಕೇಳಿಯೂ ಅರಿಯದ ಸಾವು ಅದು. ಆದರೆ ಪೊಲೀಸರು ಅರಸುತ್ತಿದ್ದ ಒಂಟಿಕಣ್ಣಿನ ಮನುಷ್ಯನು ಅಲ್ಲಿರಲಿಲ್ಲ. ಅವನು ಈ ರಸ್ತೆಯ ಇನ್ನೊಂದು ತುದಿಯಲ್ಲಿದ್ದನು.

ಆ ತುದಿಗೆ ಹೋಗುವ ಮುನ್ನ ಅವನನ್ನು ಅರಸುತ್ತಿದ್ದ ಕಾರಣವನ್ನು ನೆನೆಯಬೇಕು. ಮದರಾಸಿನ ದಾರಿಯಲ್ಲಿರುವ ಶ್ರೀಪೆರಂಬುದೂರು ಮೈಸೂರು ಸೀಮೆಯವರಿಗೆ ಅಪರಿಚಿತವಾದ ಹೆಸರಲ್ಲ. ತೊಣ್ಣೂರು, ಮೇಲುಕೋಟೆಗಳನ್ನು ತಮ್ಮದಾಗಿ ಮಾಡಿಕೊಂಡ ಶ್ರೀ ರಾಮಾನುಜಾಚಾರ್ಯರು ಜನಿಸಿದ ಪುಣ್ಯಸ್ಥಳ ಅದು. ೧೯೯೧ರ ಮೇ ೨೧ರ ರಾತ್ರಿ ಹತ್ತು ಗಂಟೆಯ ಮೇಲೆ, ಚುನಾವಣೆಯ ಸಭೆಗೆಂದು ಅಲ್ಲಿಗೆ ಬಂದ ರಾಜೀವ ಗಾಂಧಿಯವರಿಗೆ ಧನು ಎಂಬ ಯುವತಿ ಮಾಲೆ ಹಾಕಲು ಮುಂದಾದಳು. ನಮಸ್ಕರಿಸುವಂತೆ ಬಾಗಿ, ಸೊಂಟದ ಪಟ್ಟಿಯಲ್ಲಿ ಅಡಗಿಸಿಕೊಂಡಿದ್ದ ಬಾಂಬನ್ನು ಸಿಡಿಸಿದಳು. ಅವಳೂ ಸತ್ತಳು, ರಾಜೀವರೂ ಸತ್ತರು, ಸುತ್ತಲಿದ್ದ ಇನ್ನೂ ಹಲವು ನಿರಪರಾಧಿಗಳೂ ಸತ್ತರು. ಫೋಟೋ ತೆಗೆಯಲು ನಿಂತಿದ್ದ ಹರಿಬಾಬು ಎಂಬವನು ಸತ್ತರೂ ಅವನ ಕ್ಯಾಮೆರಾ ಮಾತ್ರ ಉಳಿಯಿತು. ಅದರೊಳಗಿನ ಹತ್ತು ಚಿತ್ರಗಳಲ್ಲಿ ಧನುವಿನ ಜೊತೆಗೆ ಬಿಳಿಯ ಪೈಜಾಮ ತೊಟ್ಟ ಒಬ್ಬ ಗಂಡಸು ಕಂಡುಬಂದನು. ಶಿವರಾಸನ್ ಎಂಬವನು ಅವನೇ. ಅವನ ಒಂದು ಕಣ್ಣು ಗಾಜಿನದು.

ತನಿಖೆಗೆಂದು ಕೇಂದ್ರ ತನಿಖಾ ದಳವು ರಚಿಸಿದ ವಿಶೇಷ ತಂಡಕ್ಕೆ ನಾಯಕರಾದವರು ಕರ್ನಾಟಕದ ಸೇವೆಗೆ ಸೇರಿದ ಪೊಲೀಸ್ ಅಧಿಕಾರಿ ಡಿ.ಆರ್. ಕಾರ್ತಿಕೇಯನ್. ಶಿವರಾಸನ್ ಮತ್ತು ಅವನ ಜೊತೆಗಾತಿ ಶುಭಾ ಮದರಾಸಿನಿಂದ ಟ್ಯಾಂಕರ್ ಲಾರಿಯೊಂದರ ಹೊಟ್ಟೆಯಲ್ಲಿ ಅಡಗಿ ಬೆಂಗಳೂರಿಗೆ ಬಂದಿದ್ದರು. ಎಲ್ಲ ಗೋಡೆಗಳ ಮೇಲೂ ಅವರ ಚಿತ್ರ. ಹಿಡಿದುಕೊಟ್ಟವರಿಗೆ ಬಹುಮಾನದ ಘೋಷಣೆ. ಕಡೆಗೆ ಅವರಿಗೆ ನೆಲೆ ಸಿಕ್ಕಿದ್ದು ನಗರದ ದಕ್ಷಿಣದ ಅಂಚಿನಲ್ಲಿ, ಕನಕಪುರ ರಸ್ತೆಯ ಪಕ್ಕದ ಕೋಣನಕುಂಟೆಯ ಒಂದು ಮನೆಯಲ್ಲಿ.

ಮುತ್ತತ್ತಿಯನ್ನು ಬಿಟ್ಟ ದಾರಿ ಕಾಡಿನ ಏರನ್ನು ಹತ್ತಿ ಸಾತನೂರಿಗೆ ಬರುತ್ತದೆ. ಅಲ್ಲಿಂದ ಮುಂದೆ ಬಂಡೆಗುಡ್ಡಗಳ ನಡುವೆ ರಾಗಿ ಹೊಲ, ಹಿಪ್ಪುನೇರಳೆ ತೋಟ. ಕನಕಪುರದಲ್ಲಿ ಅರ್ಕಾವತಿ ಎದುರಾಗುತ್ತಾಳೆ. ಅವಳೂ ಕೆಳಗೆ ಸಂಗಮದಲ್ಲಿ ಕಾವೇರಿಯನ್ನೇ ಸೇರಬೇಕಾದವಳು. ಹಾರೋಹಳ್ಳಿ ಕಳೆದಂತೆ ಹೊಲಗಳು ಕಿರಿದಾಗಿ ಕಟ್ಟಡಗಳು ದಟ್ಟವಾಗುತ್ತವೆ. ತಲಘಟ್ಟಪುರವನ್ನು ದಾಟಿದ ಮೇಲೆ ತಲೆಯ ಮೇಲೆ ಮೆಟ್ರೋ ರೈಲಿನ ಕಂಬಸಾಲು ಜೊತೆಯಾಗುತ್ತದೆ. ೨೦೨೧ರ ಜನವರಿಯಲ್ಲಿ ಪ್ರಾರಂಭವಾದ ಈ ಮಾರ್ಗದ ಒಂದು ನಿಲ್ದಾಣಕ್ಕೆ ಕೋಣನಕುಂಟೆ ಕ್ರಾಸ್ ಎಂದೇ ಹೆಸರು. ಕುಂಟೆಯೆಂದರೆ ಸಣ್ಣ ಕೆರೆ. ಕೋಣಗಳು ಮಲಗಿ ತಣಿಯುತ್ತಿದ್ದ ನೀರಿನ ನೆನಪನ್ನು ಹೆಸರು ಮಾತ್ರ ಉಳಿಸಿಕೊಂಡಿದೆ. ೧೯೯೧ರಲ್ಲಿ ಇದು ನಗರವೂ ಅಲ್ಲದ ಹಳ್ಳಿಯೂ ಅಲ್ಲದ ನಡುವಣ ಊರು. ಹೊಸದಾಗಿ ಬಂದು ಮನೆ ಮಾಡಿದವರಾರು, ಎಲ್ಲಿಯವರು ಎಂದು ಕೇಳುವ ಹಳ್ಳಿಯ ರೂಢಿ ಕಳೆದುಹೋಗಿತ್ತು. ನಗರದ ಪಹರೆ ಇನ್ನೂ ಇಲ್ಲಿಗೆ ತಲುಪಿರಲಿಲ್ಲ. ಅಡಗುವವರಿಗೆ ಬೇಕಾದದ್ದು ಇಂಥ ಊರೇ.

ಆಗಸ್ಟ್ ೧೮ರ ಸಂಜೆಗೆ ಆ ಮನೆಯ ಸುಳಿವು ತನಿಖೆಗಾರರಿಗೆ ಸಿಕ್ಕಿತು. ಮನೆಯನ್ನು ದೂರದಿಂದ ಸುತ್ತುವರಿದರು. ಆದರೆ ಕೂಡಲೇ ಒಳನುಗ್ಗಲಿಲ್ಲ. ಒಳಗಿರುವವರನ್ನು ಜೀವಂತವಾಗಿ ಹಿಡಿಯಬೇಕು. ಸೈನೈಡು ನುಂಗಿದರೆ ಉಳಿಸಲು ಪ್ರತಿವಿಷವಿರಬೇಕು, ವೈದ್ಯರಿರಬೇಕು, ತರಬೇತಾದ ಕಮಾಂಡೋಗಳಿರಬೇಕು. ಈ ಸಿದ್ಧತೆಯಲ್ಲಿಯೇ ೧೯ನೆಯ ತಾರೀಖು ಕಳೆಯಿತು. ಗುಂಡಿನ ಸದ್ದು ಕೇಳಿತು, ಜನ ನೆರೆಯಿತು. ೨೦ರ ಬೆಳಗಿನ ಜಾವದಲ್ಲಿ ಕಮಾಂಡೋಗಳು ಬಾಗಿಲು ಮುರಿದು ಒಳಹೊಕ್ಕಾಗ ಅಲ್ಲಿದ್ದುದು ಏಳು ಹೆಣಗಳು. ಶಿವರಾಸನ್, ಶುಭಾ, ನಿಸ್ತಂತು ಯಂತ್ರವನ್ನು ನಡೆಸುತ್ತಿದ್ದ ನೀರೋ, ಜೊತೆಗೆ ಇನ್ನು ನಾಲ್ವರು. ಉಳಿದವರು ವಿಷ ನುಂಗಿದ್ದರು. ಶಿವರಾಸನ್ನನ ಹಣೆಯ ಪಕ್ಕಕ್ಕೆ ಗುಂಡು ತಗುಲಿತ್ತು. ಕಾಕತಾಳೀಯವೆಂಬಂತೆ ಅಂದು ರಾಜೀವ ಗಾಂಧಿಯವರ ಜನ್ಮದಿನ. ಕೋಣನಕುಂಟೆಯ ಆ ದಿನಗಳನ್ನು ಎ.ಎಂ.ಆರ್. ರಮೇಶರು ೨೦೦೬ರಲ್ಲಿ ಸೈನೈಡ್ ಎಂಬ ಕನ್ನಡ ಚಲನಚಿತ್ರವಾಗಿ ತೆರೆಗೆ ತಂದರು.

ಜೀವಂತವಾಗಿ ಹಿಡಿಯಬೇಕೆಂಬ ಹಂಬಲದಿಂದಲೇ ತಡವಾಯಿತು. ತಡವಾದುದರಿಂದಲೇ ಜೀವಂತವಾಗಿ ಯಾರೂ ಸಿಗಲಿಲ್ಲ ಎಂದು ಅಂದೇ ಟೀಕಿಸಿದವರುಂಟು. ತಡಮಾಡದೆ ನುಗ್ಗಿದ್ದರೂ ಕಚ್ಚಿದ ಗಾಜು ಕ್ಷಣದಲ್ಲಿ ಕೆಲಸ ಮುಗಿಸುತ್ತಿತ್ತೆಂದು ಸಮರ್ಥಿಸಿದವರೂ ಉಂಟು. ಯಾವುದೇ ಇರಲಿ, ಅಂದು ಕೋಣನಕುಂಟೆಯಲ್ಲಿ ಸತ್ತದ್ದು ಏಳು ಜನ ಮಾತ್ರವಲ್ಲ. ಜೋಲಾರಪೇಟೆಯ ಒಬ್ಬ ಹುಡುಗನ ಪರವಾಗಿಯೋ ವಿರುದ್ಧವಾಗಿಯೋ ನಿಶ್ಚಯವಾಗಿ ಹೇಳಬಲ್ಲ ಒಂದೇ ಒಂದು ಬಾಯಿಯೂ ಅಂದು ಮುಚ್ಚಿಹೋಯಿತು.

ಬೆಂಗಳೂರಿನಿಂದ ಮದರಾಸಿಗೆ ರೈಲಿನಲ್ಲಿ ಹೋಗಿ ಬಂದ ಕನ್ನಡಿಗರೆಲ್ಲರಿಗೂ ಜೋಲಾರಪೇಟೆ ಜಂಕ್ಷನ್ ಗೊತ್ತು. ಪೇರರಿವಾಳನ್ ಆ ಊರಿನವನು. ಎಲೆಕ್ಟ್ರಾನಿಕ್ಸಿನಲ್ಲಿ ಡಿಪ್ಲೊಮಾ ಪಡೆದಿದ್ದ ಹತ್ತೊಂಬತ್ತು ವರ್ಷದ ತರುಣ. ಮನೆಯವರು ದ್ರಾವಿಡ ಚಳವಳಿಯ ಅಭಿಮಾನಿಗಳು. ಹುಡುಗನಿಗೆ ಈಳದ ಹೋರಾಟದಲ್ಲಿ ಆಸಕ್ತಿ. ೧೯೯೧ರ ಜೂನ್ ೧೧ರಂದು ಅವನನ್ನು ಮದರಾಸಿನಲ್ಲಿ ವಿಚಾರಣೆಗೆಂದು ಕರೆದೊಯ್ದರು. ಮರುದಿನ ಕಳುಹಿಸಿಕೊಡುತ್ತೇವೆ ಎಂಬ ಮಾತನ್ನು ನಂಬಿ ತಾವೇ ಮಗನನ್ನು ಒಪ್ಪಿಸಿದೆವು ಎಂದು ತಾಯಿ ಅರ್ಪುತಮ್ಮಾಳ್ ಕೊನೆಯವರೆಗೂ ಹೇಳುತ್ತ ಬಂದರು. ಆ ಮರುದಿನ ಬರಲು ಮೂವತ್ತು ವರ್ಷಗಳ ಮೇಲಾಯಿತು.

ಅವನ ಮೇಲಿನ ಆರೋಪಗಳಲ್ಲಿ ಮುಖ್ಯವಾದದ್ದು ಅತಿ ಸಣ್ಣ ವಸ್ತುವೊಂದಕ್ಕೆ ಸಂಬಂಧಿಸಿದ್ದು. ಒಂಬತ್ತು ವೋಲ್ಟಿನ ಎರಡು ಬ್ಯಾಟರಿಗಳನ್ನು ಕೊಂಡು ಶಿವರಾಸನ್ನನಿಗೆ ಕೊಟ್ಟನು. ಧನುವಿನ ಸೊಂಟದ ಬಾಂಬು ಸಿಡಿದದ್ದು ಅವುಗಳ ಬಲದಿಂದ ಎಂಬುದು ಆರೋಪ. ಟ್ರಾನ್ಸಿಸ್ಟರಿಗೋ ಮಕ್ಕಳ ಆಟದ ಸಾಮಾನಿಗೋ ಹಾಕುವಂಥ, ಯಾವ ಅಂಗಡಿಯಲ್ಲಾದರೂ ಸಿಗುವಂಥ ವಸ್ತು. ತಪ್ಪು ವಿಳಾಸ ಕೊಟ್ಟು ಮೋಟಾರ್ ಸೈಕಲ್ ಕೊಂಡದ್ದು, ಎಲ್.ಟಿ.ಟಿ.ಇ.ಯವರೊಡನೆ ನಿಕಟವಾಗಿದ್ದುದು ಮುಂತಾದ ಇತರ ಸಂಗತಿಗಳನ್ನೂ ಸರ್ಕಾರಿ ಪಕ್ಷವು ಮುಂದಿಟ್ಟಿತು. ಇವನ್ನು ಮರೆಯುವುದು ನ್ಯಾಯವಲ್ಲ. ಆದರೂ ಗಲ್ಲಿನ ಹಗ್ಗಕ್ಕೆ ಬೇಕಾದ ಬಲ ಬಂದದ್ದು ಬ್ಯಾಟರಿಗಳಿಂದಲೇ. ಅದರಲ್ಲಿಯೂ, ಅವುಗಳನ್ನು ಕೊಳ್ಳುವಾಗ ಅವನ ಮನಸ್ಸಿನಲ್ಲಿ ಏನಿತ್ತು ಎಂಬುದರಿಂದ. ಬಾಂಬಿಗೆಂದು ತಿಳಿದು ಕೊಂಡಿದ್ದರೆ ಅವನು ಕೊಲೆಯ ಪಾಲುದಾರ. ತಿಳಿಯದೆ ಕೊಂಡಿದ್ದರೆ ಅವನು ಅಂಗಡಿಗೆ ಹೋಗಿಬಂದ ಹುಡುಗ.

ಮನಸ್ಸಿನಲ್ಲಿದ್ದುದನ್ನು ನ್ಯಾಯಾಲಯವು ಅರಿತದ್ದು ಅವನ ತಪ್ಪೊಪ್ಪಿಗೆಯಿಂದ. ಈ ದೇಶದಲ್ಲಿ ೧೮೭೨ರ ಸಾಕ್ಷ್ಯ ಅಧಿನಿಯಮದ ಕಾಲದಿಂದಲೂ, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲವೆಂಬುದು ನಿಯಮ. ಠಾಣೆಯ ನಾಲ್ಕು ಗೋಡೆಗಳ ನಡುವೆ ಮಾತು ಹೇಗೆ ಹೊರಡುತ್ತದೆಂಬುದನ್ನು ಬ್ರಿಟಿಷರ ಶಾಸನಕಾರರೂ ಬಲ್ಲವರಾಗಿದ್ದರು. ಆದರೆ ೧೯೮೭ರ ಟಾಡಾ ಕಾನೂನು ಆ ಕಟ್ಟನ್ನು ಸಡಿಲಿಸಿತು: ಸೂಪರಿಂಟೆಂಡೆಂಟ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುವಂತಾಯಿತು. ಪೇರರಿವಾಳನ್ನನ ಹೇಳಿಕೆಯನ್ನು ಬರೆದುಕೊಂಡವರು ಕೇಂದ್ರ ತನಿಖಾ ದಳದ ಸೂಪರಿಂಟೆಂಡೆಂಟ್ ವಿ. ತ್ಯಾಗರಾಜನ್.

ಒಟ್ಟು ೪೧ ಜನ ಆರೋಪಿಗಳಲ್ಲಿ ೧೨ ಮಂದಿ ಸತ್ತಿದ್ದರು. ಪ್ರಭಾಕರನ್ ಮೊದಲಾದ ಮೂವರು ಸಮುದ್ರದಾಚೆ ಇದ್ದರು. ಉಳಿದ ೨೬ ಮಂದಿಯ ವಿಚಾರಣೆಯು ಪೂನಮಲ್ಲಿಯ ವಿಶೇಷ ನ್ಯಾಯಾಲಯದಲ್ಲಿ ಮುಚ್ಚಿದ ಬಾಗಿಲುಗಳ ಒಳಗೆ ನಡೆಯಿತು. ೧೯೯೮ರ ಜನವರಿ ೨೮ರಂದು ತೀರ್ಪು ಬಂದಿತು: ೨೬ ಮಂದಿಗೂ ಮರಣದಂಡನೆ. ಆ ಪಟ್ಟಿಯ ಕೊನೆಯಲ್ಲಿ ಬೆಂಗಳೂರಿನ ಒಬ್ಬನ ಹೆಸರಿತ್ತು. ಕೋಣನಕುಂಟೆಯಲ್ಲಿ ಶಿವರಾಸನ್ನನ ತಂಡಕ್ಕೆ ಆಶ್ರಯ ಕೊಟ್ಟನೆಂಬುದು ಅವನ ಮೇಲಿನ ಆರೋಪ. ಕೊಲೆ ನಡೆದು ವಾರಗಳು ಕಳೆದ ಮೇಲೆ, ಕೊಲೆಯಾದ ಸ್ಥಳದಿಂದ ನೂರಾರು ಮೈಲಿಯಾಚೆ, ಅಡಗುದಾಣ ಒದಗಿಸಿದವನಿಗೂ ಮಾಲೆ ಹಿಡಿದು ನಿಂತವರಿಗೂ ಒಂದೇ ಶಿಕ್ಷೆ ಎಂದಾಗ ಕಾನೂನು ಬಲ್ಲವರು ಹುಬ್ಬೇರಿಸಿದರು.

೧೯೯೯ರ ಮೇ ೧೧ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಕೆ.ಟಿ. ಥಾಮಸ್, ಡಿ.ಪಿ. ವಾಧ್ವಾ, ಎಸ್.ಎಸ್.ಎಂ. ಖಾದ್ರಿ ಅವರು ಆ ತೀರ್ಪನ್ನು ಜರಡಿ ಹಿಡಿದರು. ೧೯ ಮಂದಿ ಕೊಲೆಯ ಆರೋಪದಿಂದ ಮುಕ್ತರಾದರು. ಕೋಣನಕುಂಟೆಯ ಆಶ್ರಯದಾತನೂ ಅವರಲ್ಲೊಬ್ಬ. ಮೂವರ ಶಿಕ್ಷೆ ಜೀವಾವಧಿಗೆ ಇಳಿಯಿತು. ನಳಿನಿ, ಮುರುಗನ್, ಶಾಂತನ್, ಪೇರರಿವಾಳನ್ ಈ ನಾಲ್ವರಿಗೆ ಮಾತ್ರ ಗಲ್ಲು ಸ್ಥಿರವಾಯಿತು. ವಿಚಾರಣಾ ನ್ಯಾಯಾಲಯವು ೨೬ ಎಂದು ಎಣಿಸಿದ್ದ ಕೊರಳುಗಳು ಮೇಲಿನ ನ್ಯಾಯಾಲಯದ ಎಣಿಕೆಯಲ್ಲಿ ನಾಲ್ಕಾದವು.

ಇದೇ ತೀರ್ಪಿನಲ್ಲಿ ಇನ್ನೊಂದು ವಿಶೇಷವುಂಟು. ರಾಜೀವರ ಕೊಲೆ ಟಾಡಾ ಕಾನೂನು ಹೇಳುವ ಅರ್ಥದ ಭಯೋತ್ಪಾದನೆಯಲ್ಲ ಎಂದು ನ್ಯಾಯಾಲಯವು ನಿರ್ಣಯಿಸಿತು. ಆ ಕಾನೂನಿನ ಆರೋಪಗಳೆಲ್ಲ ಬಿದ್ದುಹೋದವು. ಆದರೆ ಆ ಕಾನೂನಿನ ಬಲದಿಂದ ಬರೆದುಕೊಂಡ ತಪ್ಪೊಪ್ಪಿಗೆಗಳು ಬೀಳಲಿಲ್ಲ. ವಿಚಾರಣೆ ಟಾಡಾದ ಅಡಿಯಲ್ಲಿ ಒಟ್ಟಿಗೆ ನಡೆದುದರಿಂದ ಕೊಲೆಯ ಆರೋಪಕ್ಕೂ ಅವು ಸಾಕ್ಷ್ಯವಾಗಬಲ್ಲವೆಂದು ಎಣಿಸಲಾಯಿತು. ಏಣಿ ಮುರಿದರೂ ಏಣಿಯಿಂದ ಹತ್ತಿದವರು ಮೇಲೆಯೇ ಉಳಿದಂತಾಯಿತು. ಪುನರ್ವಿಮರ್ಶೆಯ ಅರ್ಜಿಯೂ ಅದೇ ವರ್ಷ ತಿರಸ್ಕೃತವಾಯಿತು.

೨೦೦೦ದಲ್ಲಿ ನಳಿನಿಯ ಶಿಕ್ಷೆ ಜೀವಾವಧಿಗೆ ಇಳಿಯಿತು. ಉಳಿದ ಮೂವರ ಕ್ಷಮಾಯಾಚನೆ ರಾಷ್ಟ್ರಪತಿ ಭವನದಲ್ಲಿ ಹನ್ನೊಂದು ವರ್ಷ ಕಾಯಿತು. ೨೦೧೧ರಲ್ಲಿ ಅದು ತಿರಸ್ಕೃತವಾಗಿ, ಸೆಪ್ಟೆಂಬರ್ ೯ ಗಲ್ಲಿಗೆ ಗೊತ್ತಾದ ದಿನವಾಯಿತು. ಆಗಸ್ಟ್ ೩೦ರಂದು ಮದರಾಸು ಉಚ್ಚ ನ್ಯಾಯಾಲಯವು ತಡೆಯಾಜ್ಞೆ ಕೊಟ್ಟುದರಿಂದ ಆ ದಿನ ಮುಂದಕ್ಕೆ ಹೋಯಿತು. ಹತ್ತು ದಿನಗಳ ಅಂತರದಲ್ಲಿ ಹಗ್ಗ ತಪ್ಪಿತು.

ತಪ್ಪದೆ ಹೋಗಿದ್ದರೆ, ಎರಡು ವರ್ಷಗಳ ಮೇಲೆ ಹೊರಬಿದ್ದ ಒಂದು ಮಾತನ್ನು ಕೇಳಲು ಪೇರರಿವಾಳನ್ ಇರುತ್ತಿರಲಿಲ್ಲ. ೨೦೧೩ರ ನವೆಂಬರ್ ತಿಂಗಳಿನಲ್ಲಿ, ಆ ವೇಳೆಗೆ ನಿವೃತ್ತರಾಗಿದ್ದ ತ್ಯಾಗರಾಜನ್ ಬಹಿರಂಗವಾಗಿ ಹೇಳಿದರು: ಬ್ಯಾಟರಿಗಳನ್ನು ಕೊಂಡುಕೊಟ್ಟುದನ್ನು ಪೇರರಿವಾಳನ್ ಒಪ್ಪಿಕೊಂಡದ್ದು ನಿಜ, ಆದರೆ ಅವು ಯಾವ ಉದ್ದೇಶಕ್ಕೆಂಬುದು ತನಗೆ ತಿಳಿದಿರಲಿಲ್ಲವೆಂದೂ ಅವನು ಹೇಳಿದ್ದನು, ಆ ಭಾಗವನ್ನು ಬರೆದರೆ ತಪ್ಪೊಪ್ಪಿಗೆಯೇ ತಪ್ಪೊಪ್ಪಿಗೆಯಾಗಿ ಉಳಿಯುವುದಿಲ್ಲವಾದುದರಿಂದ ತಾನು ಬರೆಯಲಿಲ್ಲ. ೨೦೧೭ರಲ್ಲಿ ಅವರು ಇದನ್ನೇ ಪ್ರಮಾಣಪತ್ರವಾಗಿ ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟರು. ಬಿಟ್ಟುಹೋದದ್ದು ಒಂದು ವಾಕ್ಯ. ಅಪರಾಧಕ್ಕೂ ಅಜ್ಞಾನಕ್ಕೂ ನಡುವಣ ಗೆರೆಯನ್ನು ಎಳೆಯಬೇಕಾಗಿದ್ದ ವಾಕ್ಯವೂ ಅದೇ.

ತ್ಯಾಗರಾಜನ್ ಇನ್ನೊಂದು ಸಂಗತಿಯನ್ನೂ ಎತ್ತಿ ತೋರಿಸಿದರು. ಕೊಲೆಗೆ ಎರಡು ವಾರ ಮೊದಲು, ೧೯೯೧ರ ಮೇ ೭ರಂದು, ಶಿವರಾಸನ್ ಜಾಫ್ನದಲ್ಲಿದ್ದ ತನ್ನ ಮೇಲಿನವನಾದ ಪೊಟ್ಟು ಅಮ್ಮಾನನಿಗೆ ಒಂದು ನಿಸ್ತಂತು ಸಂದೇಶ ಕಳುಹಿಸಿದ್ದನು. ತಮ್ಮ ನಿಜವಾದ ಉದ್ದೇಶ ತಾವು ಮೂವರಿಗಲ್ಲದೆ ಬೇರೆ ಯಾರಿಗೂ ತಿಳಿಯದು ಎಂಬುದು ಅದರ ತಾತ್ಪರ್ಯ. ಮೂವರೆಂದರೆ ಅವನು, ಶುಭಾ, ಧನು. ಸಂಕೇತಲಿಪಿಯ ಆ ಸಂದೇಶವನ್ನು ಬಿಡಿಸಿ ಓದಿದವರು ತನಿಖೆಗಾರರೇ. ನ್ಯಾಯಾಲಯದ ಮುಂದೆಯೂ ಅದು ಬಂದಿತ್ತು. ಆದರೂ ಒಟ್ಟು ಸಾಕ್ಷ್ಯದ ತೂಕದ ಮೇಲೆ ಪೇರರಿವಾಳನ್ ಒಳಸಂಚಿನ ಭಾಗಿಯೆಂದೇ ತೀರ್ಪಾಗಿತ್ತು.

ಇಲ್ಲಿಗೆ ಬಂದಾಗ ವಿಚಾರದ ದಾರಿ ಮತ್ತೆ ಕೋಣನಕುಂಟೆಗೆ ತಿರುಗುತ್ತದೆ. ಉದ್ದೇಶವನ್ನು ಬಲ್ಲ ಮೂವರಲ್ಲಿ ಧನು ಶ್ರೀಪೆರಂಬುದೂರಿನಲ್ಲಿ ಛಿದ್ರವಾದಳು. ಉಳಿದಿಬ್ಬರು ಈ ಮನೆಯಲ್ಲಿ ಸತ್ತರು. ಸಂದೇಶಗಳನ್ನು ಮುಟ್ಟಿಸುತ್ತಿದ್ದ ನೀರೋ ಸಹ ಇಲ್ಲಿಯೇ ಸತ್ತನು. ಬ್ಯಾಟರಿಗಳನ್ನು ಕೈಗೆ ತೆಗೆದುಕೊಂಡವನು ಶಿವರಾಸನ್. ಕೊಡುವಾಗ ಹುಡುಗನಿಗೆ ಏನೆಂದು ಹೇಳಿದ್ದನೆಂಬುದನ್ನು ಅವನಲ್ಲದೆ ಬೇರೊಬ್ಬರು ಸಾಕ್ಷಿ ನುಡಿಯುವಂತಿರಲಿಲ್ಲ. ಬಾಂಬನ್ನು ಕಟ್ಟಿದವರಾರೆಂಬ ತನಿಖೆಯೇ ಪೂರ್ಣವಾಗಿಲ್ಲವೆಂದು ಪೇರರಿವಾಳನ್ನನ ವಕೀಲರು ಮುಂದೆ ಬಹುಕಾಲ ವಾದಿಸಿದರು. ಹಿರಿಯ ಒಳಸಂಚಿನ ಶೋಧಕ್ಕೆಂದು ೧೯೯೮ರಲ್ಲಿ ಬೇರೆಯೇ ಒಂದು ತನಿಖಾ ಮಂಡಲಿ ರಚಿತವಾಗಿತ್ತು. ಅಮೆರಿಕದ ಅಧ್ಯಕ್ಷ ಕೆನೆಡಿಯವರ ಕೊಲೆಯ ಆರೋಪಿ ಆಸ್ವಾಲ್ಡನು ೧೯೬೩ರಲ್ಲಿ ವಿಚಾರಣೆಗೆ ಮುನ್ನವೇ ಡಲ್ಲಾಸ್ ನಗರದ ಪೊಲೀಸ್ ಕಚೇರಿಯಲ್ಲಿ ಗುಂಡೇಟಿಗೆ ಬಲಿಯಾದ ಮೇಲೆ, ಆ ದೇಶದಲ್ಲಿ ಸಂಶಯಗಳಿಗೆ ಕೊನೆಯೇ ಇಲ್ಲವಾಯಿತು. ಮುಖ್ಯ ಆರೋಪಿ ಸತ್ತರೆ ಸಂಶಯ ಸಾಯುವುದಿಲ್ಲ, ಉಳಿದವರ ಹೆಗಲೇರುತ್ತದೆ. ಅಲ್ಲಿ ಅದು ಪುಸ್ತಕಗಳ ವಿಷಯವಾಯಿತು. ಇಲ್ಲಿ ಅದು ಜೀವಂತ ಮನುಷ್ಯನೊಬ್ಬನ ಕೊರಳಿನ ವಿಷಯವಾಗಿತ್ತು.

ಸಂಶಯದ ಪಕ್ಷವೊಂದೇ ಸತ್ಯವೆಂದು ಹೇಳುವುದು ಸಾಧುವಲ್ಲ. ಕಾರ್ತಿಕೇಯನ್ನರು ತನಿಖೆಯ ವೃತ್ತಾಂತವನ್ನು ೨೦೦೪ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಗ್ರಂಥವಾಗಿ ಪ್ರಕಟಿಸಿದರು. ಸತ್ಯದ ವಿಜಯವೆಂಬುದೇ ಅದರ ಹೆಸರಿನ ಅರ್ಥ. ಹತ್ತು ಚಿತ್ರಗಳ ಒಂದು ಫಿಲಂ ಸುರುಳಿಯಿಂದ ಹಿಡಿದು ದ್ವೀಪದಾಚೆಯ ನಾಯಕರವರೆಗೆ ಎಳೆಯನ್ನು ಬಿಡಿಸಿದ ಆ ತನಿಖೆ ಸಾಮಾನ್ಯವಾದುದಲ್ಲ. ಸತ್ತವರ ಮನೆಗಳಲ್ಲಿಯೂ ಕಣ್ಣೀರು ಬತ್ತಿರಲಿಲ್ಲ. ರಾಜೀವರೊಡನೆ ಮಡಿದ ಪೊಲೀಸರಿಗೂ ಕಾರ್ಯಕರ್ತರಿಗೂ ಹೆಂಡಿರು ಮಕ್ಕಳಿದ್ದರು. ಅಪರಾಧಿಗಳ ಬಿಡುಗಡೆಯ ಮಾತು ಬಂದಾಗಲೆಲ್ಲ, ತಮ್ಮ ನೋವನ್ನು ಕೇಳುವವರಾರು ಎಂದು ಅವರು ಪ್ರಶ್ನಿಸಿದ್ದುಂಟು. ಆದರೆ ಅವರಿಗೆ ಸಲ್ಲಬೇಕಾದ ನ್ಯಾಯವು ತಪ್ಪು ಮನುಷ್ಯ ಶಿಕ್ಷೆ ಪಡೆದರೆ ಸಲ್ಲುವುದಿಲ್ಲ. ಸರಿಯಾದ ಮನುಷ್ಯನೇ ಶಿಕ್ಷೆ ಪಡೆದನೆಂಬ ನಿಶ್ಚಯ ಅವರಿಗೂ ಬೇಕು.

ಅನಂತರದ ಕತೆಯನ್ನು ಬೇಗ ಹೇಳಿ ಮುಗಿಸಬಹುದು. ಮರಣದಂಡನೆ ವಿಧಿಸಿದ ಪೀಠದಲ್ಲಿದ್ದ ಥಾಮಸರೇ, ಇಷ್ಟು ವರ್ಷಗಳ ಸೆರೆಯ ಮೇಲೆ ಗಲ್ಲಿಗೇರಿಸಿದರೆ ಒಂದೇ ತಪ್ಪಿಗೆ ಎರಡು ಶಿಕ್ಷೆಯಾದೀತೆಂದು ೨೦೧೩ರಲ್ಲಿ ಹೇಳಿದರು. ೨೦೧೪ರ ಫೆಬ್ರವರಿ ೧೮ರಂದು, ಕ್ಷಮಾಯಾಚನೆಯ ತೀರ್ಮಾನದಲ್ಲಿ ಆದ ವಿಳಂಬದ ಕಾರಣ, ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ಪೀಠವು ಮೂವರ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ೨೦೧೮ರಲ್ಲಿ ತಮಿಳುನಾಡಿನ ಸಚಿವ ಸಂಪುಟವು ಬಿಡುಗಡೆಗೆ ಶಿಫಾರಸು ಮಾಡಿತು. ರಾಜ್ಯಪಾಲರ ಮೇಜಿನ ಮೇಲೆ ಅದು ವರ್ಷಗಟ್ಟಲೆ ಕುಳಿತಿತು. ೨೦೨೨ರ ಮೇ ೧೮ರಂದು, ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್, ಬಿ.ಆರ್. ಗವಾಯಿ ಮತ್ತು ಕರ್ನಾಟಕದವರಾದ ಎ.ಎಸ್. ಬೋಪಣ್ಣ ಅವರು ಸಂವಿಧಾನದ ೧೪೨ನೆಯ ಅನುಚ್ಛೇದದ ವಿಶೇಷಾಧಿಕಾರವನ್ನು ಚಲಾಯಿಸಿ ಪೇರರಿವಾಳನ್ನನ ಬಿಡುಗಡೆಗೆ ಆಜ್ಞೆಯಿತ್ತರು. ಹತ್ತೊಂಬತ್ತರ ಪ್ರಾಯದಲ್ಲಿ ಒಳಹೋದವನು ಐವತ್ತರ ಪ್ರಾಯದಲ್ಲಿ ತಾಯಿಯ ಮಗ್ಗುಲಿಗೆ ಬಂದನು. ಅದೇ ವರ್ಷದ ನವೆಂಬರ್ ೧೧ರಂದು ಉಳಿದ ಆರು ಮಂದಿಗೂ ಬಿಡುಗಡೆಯಾಯಿತು. ಅವರಲ್ಲಿ ಶಾಂತನ್ ತನ್ನ ದ್ವೀಪಕ್ಕೆ ಮರಳುವ ಮುನ್ನವೇ ೨೦೨೪ರ ಫೆಬ್ರವರಿಯಲ್ಲಿ ಚೆನ್ನೈಯ ಆಸ್ಪತ್ರೆಯಲ್ಲಿ ತೀರಿಕೊಂಡನು.

ಬಿಡುಗಡೆ ಬೇರೆ, ದೋಷಮುಕ್ತಿ ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ೨೦೨೨ರ ಆಜ್ಞೆಯು ಪೇರರಿವಾಳನ್ ತಪ್ಪಿತಸ್ಥನಲ್ಲವೆಂದು ಹೇಳಲಿಲ್ಲ. ಸಂಪುಟದ ಶಿಫಾರಸಿಗೆ ರಾಜ್ಯಪಾಲರು ಬದ್ಧರೆಂದೂ, ತಡ ಮಾಡಿದ್ದು ಸರಿಯಲ್ಲವೆಂದೂ, ದೀರ್ಘಕಾಲದ ಸೆರೆ ಹಾಗೂ ಸೆರೆಮನೆಯಲ್ಲಿನ ನಡತೆ ಗಣನೆಗೆ ಅರ್ಹವೆಂದೂ ಅದು ಹೇಳಿತು. ೧೯೯೯ರ ತೀರ್ಪು ಕಡತದಲ್ಲಿ ಹಾಗೆಯೇ ಇದೆ. ತ್ಯಾಗರಾಜನ್ನರ ಪ್ರಮಾಣಪತ್ರವೂ ಕಡತದಲ್ಲಿದೆ. ಒಂದು ಹೇಳುತ್ತದೆ, ಅವನು ತಿಳಿದೇ ಕೊಂಡನೆಂದು; ಇನ್ನೊಂದು ಹೇಳುತ್ತದೆ, ತಿಳಿಯದೆಂದು ಅವನು ಹೇಳಿದ್ದನ್ನು ಬರೆದುಕೊಳ್ಳಲಿಲ್ಲವೆಂದು. ಇವೆರಡನ್ನೂ ಎದುರುಬದುರಾಗಿಟ್ಟು ತೂಗಿದ ತೀರ್ಪು ಮಾತ್ರ ಇಲ್ಲ.

ಕೋಣನಕುಂಟೆ ಇಂದು ಮಹಾನಗರದ ಹೊಟ್ಟೆಯೊಳಗಿದೆ. ತುರಹಳ್ಳಿಯ ಕಿರುಗಾಡು ಅನತಿ ದೂರದಲ್ಲಿ ಉಳಿದಿದ್ದರೂ ಹೊಲಗಳಿಲ್ಲ. ಬಹುಮಹಡಿಯ ಮನೆಗಳು, ಅಂಗಡಿಸಾಲುಗಳು, ಸಂಜೆಯಾದರೆ ಕನಕಪುರ ರಸ್ತೆಯುದ್ದಕ್ಕೂ ಮಿಸುಕಲಾಗದ ವಾಹನಗಳು. ಮುತ್ತತ್ತಿಗೆ ಹೋಗುವ ವಿಹಾರಿಗಳು ಶನಿವಾರ ಮುಂಜಾನೆ ಇದೇ ದಾರಿಯಲ್ಲಿ ಹಾದುಹೋಗುತ್ತಾರೆ. ಅವರಲ್ಲಿ ೧೯೯೧ರ ಮೇಲೆ ಹುಟ್ಟಿದವರೇ ಹೆಚ್ಚು. ಇಲ್ಲೊಂದು ಮನೆಯಲ್ಲಿ ಏಳು ಜನ ಸತ್ತದ್ದನ್ನು ಚಲನಚಿತ್ರದಿಂದಲೋ ಹಿರಿಯರ ಬಾಯಿಂದಲೋ ಕೇಳಿದವರು ಕೆಲವರಿದ್ದಾರು. ಆ ಸಾವಿನಿಂದ ಎಂಟನೆಯವನೊಬ್ಬನ ಮೂವತ್ತೊಂದು ವರ್ಷಗಳಿಗೆ ಸಾಕ್ಷಿಯಿಲ್ಲದೆ ಹೋಯಿತೆಂಬುದನ್ನು ಬಲ್ಲವರು ಕಡಿಮೆ. ಟಾಡಾ ೧೯೯೫ರಲ್ಲಿಯೇ ಕಾಲ ಮುಗಿದು ಹೋಯಿತು. ಆದರೆ ಠಾಣೆಯೊಳಗಿನ ಮಾತನ್ನು ಸಾಕ್ಷ್ಯವೆಂದು ಎಣಿಸುವ ಆಸೆ ಮತ್ತೆ ಯಾವ ಕಾನೂನಿನ ರೂಪದಲ್ಲಿ ತಲೆಯೆತ್ತಿದರೂ, ಬರೆದುಕೊಂಡದ್ದಷ್ಟನ್ನೇ ಓದದೆ, ಬರೆಯದೆ ಬಿಟ್ಟದ್ದೇನೆಂದು ಕೇಳುವ ಅಭ್ಯಾಸವನ್ನು ಈ ಊರಿನ ಕತೆ ಕಲಿಸುತ್ತದೆ.